ಹೊರಗೆ ಹೋಗದ ಬೆಕ್ಕಿಗೆ ಕೊರಳಪಟ್ಟಿ ಬೇಕೆ?

"ಬಾಗಿಲು ದಾಟುವುದೇ ಇಲ್ಲ, ಅದಕ್ಕೆ ಪಟ್ಟಿ ಏಕೆ?" ಕಾರವಾರದ ಅಪಾರ್ಟ್‌ಮೆಂಟುಗಳಲ್ಲಿ ಬೆಕ್ಕು ಸಾಕಿದವರನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಇದು. ಘಟ್ಟ ಹತ್ತಿ ಶಿರಸಿ, ಸಿದ್ದಾಪುರದ ಕಡೆ ಹೋದರೆ ಬೆಕ್ಕಿಗೆ ಬೆಲ್ಟು ಹಾಕುವುದೇ ವಿಚಿತ್ರವೆನಿಸುತ್ತದೆ. ಬೆಲ್ಟು ನಾಯಿಗೆ, ಗಂಟೆ ದನಕ್ಕೆ, ಬೆಕ್ಕು ಅದರ ಪಾಡಿಗೆ ಇರುತ್ತದೆ. ಇನ್ನೊಂದು ಕಡೆ, ಮರಿ ಮನೆಗೆ ಬಂದ ದಿನವೇ ಮುದ್ದಿಗೆಂದು ಗೆಜ್ಜೆ ಪೋಣಿಸಿದ ದಾರ ಕಟ್ಟಿ, ಆಮೇಲೆ ಅದನ್ನು ಮರೆತುಬಿಡುವವರೂ ಇದ್ದಾರೆ. ಮೂವರೂ ಪ್ರೀತಿಯಿಂದಲೇ ಸಾಕುವವರು. ಆದರೆ ಪಟ್ಟಿಯ ಲಾಭವೆಷ್ಟು, ಅಪಾಯವೆಷ್ಟು ಎಂದು ತೂಗಿ ನೋಡಿದವರು ಕಡಿಮೆ.

ತೂಗಿದರೆ ಲೆಕ್ಕ ಹೀಗಿದೆ. ಬೆಕ್ಕು ಮನೆಯೊಳಗೇ ಇರುವ ದಿನಗಳಲ್ಲಿ ಪಟ್ಟಿಯಿಂದ ಅದಕ್ಕೆ ಯಾವ ಪ್ರಯೋಜನವೂ ಇಲ್ಲ. ಪ್ರಯೋಜನವಿರುವುದು ಅದು ತಪ್ಪಿಸಿಕೊಂಡು ಹೊರಬಿದ್ದ ಆ ಒಂದು ದಿನ. ಅಪಾಯ ಮಾತ್ರ ಪ್ರತಿದಿನವೂ ಕೊರಳಲ್ಲೇ ಇರುತ್ತದೆ. ಆದ್ದರಿಂದ ಜಗ್ಗಿದಾಗ ತಾನಾಗಿ ಬಿಚ್ಚಿಕೊಳ್ಳುವ ಕೊಂಡಿಯಿರುವ, ಫೋನ್ ನಂಬರ್ ಬರೆದ ಪಟ್ಟಿ ಸಿಕ್ಕಿದರೆ ಕಟ್ಟಿ. ಅಂಥದ್ದು ಸಿಗದಿದ್ದರೆ ಬರಿಗೊರಳೇ ಮೇಲು. ಈ ವಿಷಯದಲ್ಲಿ ನನಗೆ ನಡುವಿನ ದಾರಿ ಕಾಣುವುದಿಲ್ಲ. ಏಕೆಂಬುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು "ಒಳಗಿನ ಬೆಕ್ಕು" ಎಂಬ ಮಾತನ್ನೇ ನೋಡೋಣ. ನಮ್ಮ ಜಿಲ್ಲೆಯ ಹಳೆಯ ಮನೆಗಳಲ್ಲಿ ಒಳಗು ಹೊರಗಿನ ನಡುವೆ ಗಟ್ಟಿ ಗೆರೆ ಇಲ್ಲ. ಹೆಂಚಿನ ಮಾಡು ಗೋಡೆಯ ಮೇಲೆ ಕೂರುವಲ್ಲಿ, ಪಕಾಸುಗಳ ನಡುವೆ ಗಾಳಿಯಾಡಲು ಬಿಟ್ಟ ಸಂದು ಇರುತ್ತದೆ. ಅಟ್ಟ ಹತ್ತಿದ ಬೆಕ್ಕಿಗೆ ಅದೇ ಬಾಗಿಲು. ಬೆಕ್ಕಿನ ಕೊರಳೆಲುಬು ಭುಜದ ಕೀಲಿಗೆ ಬಿಗಿದುಕೊಂಡಿಲ್ಲ, ಸ್ನಾಯುಗಳ ನಡುವೆ ತೇಲಿದಂತಿರುತ್ತದೆ. ಹೀಗಾಗಿ ತಲೆ ತೂರಿದ ಕಡೆಯಲ್ಲೆಲ್ಲ ಅದರ ಭುಜವೂ ತೂರುತ್ತದೆ. ಒಂದು ಹೆಂಚು ಜಾರಿದರೂ ಸಾಕು. ಅಪಾರ್ಟ್‌ಮೆಂಟುಗಳಲ್ಲಿ ಸಂದು ಕಡಿಮೆ, ಆದರೆ ಬಾಗಿಲು ತೆರೆಯುವವರು ಹೆಚ್ಚು: ಗ್ಯಾಸ್ ಸಿಲಿಂಡರ್ ತರುವವರು, ಮೀನು ಮಾರುವವರು, ಶಾಲೆಯಿಂದ ಓಡಿಬರುವ ಮಕ್ಕಳು. ದೀಪಾವಳಿಯ ಪಟಾಕಿಗೋ ಜಾತ್ರೆಯ ಗರ್ನಾಲಿಗೋ ಬೆದರಿದ ಬೆಕ್ಕು ಆ ತೆರೆದ ಬಾಗಿಲಲ್ಲಿ ನುಗ್ಗಿತೆಂದರೆ ಅದನ್ನು ಹಿಡಿಯುವುದು ಆಗದ ಮಾತು. ಸಂತಾನಹರಣ ಮಾಡಿಸದ ಬೆಕ್ಕಾದರೆ ಬೆದೆಯ ಕಾಲದಲ್ಲಿ ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಮಳೆಗಾಲದ ಮಾತು ಬೇರೆಯೇ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕಾಳಿ ನದಿ ಉಕ್ಕಿ ಕದ್ರಾ ಅಣೆಕಟ್ಟೆಯ ಕೆಳಗಿನ ಊರುಗಳ ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಡಬೇಕಾಯಿತು. ಗಂಗಾವಳಿ, ಅಘನಾಶಿನಿ ದಂಡೆಯವರಿಗೂ ಈ ಭಯ ಹೊಸದಲ್ಲ. ಅಂಥ ರಾತ್ರಿಯಲ್ಲಿ ಮಂಚದ ಕೆಳಗೆ ಅವಿತ ಬೆಕ್ಕನ್ನು ಎಳೆದು ಚೀಲಕ್ಕೆ ಹಾಕುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಕಾಳಜಿ ಕೇಂದ್ರದಿಂದ ಮರಳುವಷ್ಟರಲ್ಲಿ ಅದು ಪಕ್ಕದ ಕೇರಿಯ ಯಾರದೋ ಕೊಟ್ಟಿಗೆಯಲ್ಲಿರಬಹುದು. ಅದು ಯಾರ ಬೆಕ್ಕು ಎಂದು ಆ ಮನೆಯವರಿಗೆ ಹೇಳುವ ಗುರುತು ಅದರ ಮೈಮೇಲೇ ಇರಬೇಕು.

ಹೊರಬಿದ್ದ ಮನೆಬೆಕ್ಕು ಬಹುತೇಕ ದೂರ ಹೋಗುವುದಿಲ್ಲ. ಕಳೆದುಹೋದ ಬೆಕ್ಕುಗಳ ಮಾಲೀಕರನ್ನು ವಿಚಾರಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳ ಪೈಕಿ ಶೇಕಡಾ 75ರಷ್ಟು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಕಷ್ಟವೇನೆಂದರೆ, ಹೆದರಿದ ಬೆಕ್ಕು ಉಸಿರೆತ್ತುವುದಿಲ್ಲ. ಮನೆಯಲ್ಲಿ ಕರೆದೊಡನೆ ಓಡಿಬರುತ್ತಿದ್ದದ್ದು ಸೌದೆ ರಾಶಿಯ ಸಂದಿನಲ್ಲಿ ಕುಳಿತು, ಸಾಕಿದವರು ಎದುರಿಗೇ ಹಾದುಹೋದರೂ ಸುಮ್ಮನಿರುತ್ತದೆ. ಒಂದೆರಡು ದಿನ ಹಸಿದ ಮೇಲೆ ಯಾರದೋ ಹಿತ್ತಿಲಿಗೆ ಬರುತ್ತದೆ. ನಮ್ಮ ಜನ ಅದನ್ನು ಓಡಿಸುವುದು ಕಡಿಮೆ. ಮೀನಿನ ತಲೆಯೋ ಹಾಲು ಅನ್ನವೋ ಹಾಕುತ್ತಾರೆ. ಆದರೆ ಬರಿಗೊರಳಿನ ಬೆಕ್ಕನ್ನು ಕಂಡು "ಇದು ಯಾರ ಮನೆಯದೋ, ಕೇಳೋಣ" ಎಂದು ಯಾರಿಗೂ ಅನಿಸುವುದಿಲ್ಲ. ಬೀದಿ ಬೆಕ್ಕು, ಬಂತು, ಉಳಿಯಿತು, ಅಷ್ಟೇ. ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಪ್ರದೇಶದಲ್ಲಿ ಕಳೆದುಹೋದ 138 ಬೆಕ್ಕುಗಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮರಳಿ ಸಿಕ್ಕವು 73 ಮಾತ್ರ. ಅವುಗಳಲ್ಲಿಯೂ ಹೆಚ್ಚಿನವು ತಾವಾಗಿಯೇ ಮನೆಗೆ ಬಂದವು. ಗುರುತಿನ ಪಟ್ಟಿಯೋ ಚರ್ಮದಡಿ ಹಾಕುವ ಮೈಕ್ರೋಚಿಪ್ಪೋ ಇದ್ದ ಬೆಕ್ಕುಗಳು ಕೆಲವೇ. ಪಟ್ಟಿಯ ಪರವಾಗಿ ಹೇಳಬೇಕಾದ ದೊಡ್ಡ ಮಾತು ಇಷ್ಟೇ: ಅದು ಕಂಡವರ ಮನಸ್ಸಿನಲ್ಲಿ "ಇದಕ್ಕೊಂದು ಮನೆಯಿದೆ" ಎಂಬ ಯೋಚನೆ ಹುಟ್ಟಿಸುತ್ತದೆ.

ಈಗ ಅಪಾಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಪಟ್ಟಿ ಬಿಗಿಯಾದರೆ ಮಾತ್ರ ತೊಂದರೆ ಎಂದು ಬಹಳ ಜನ ತಿಳಿದಿದ್ದಾರೆ. ಸಡಿಲವಾದ ಪಟ್ಟಿ ಇನ್ನೂ ಕೆಟ್ಟದ್ದು.

ಬೆಕ್ಕು ದಿನಕ್ಕೆ ಹಲವು ಸಲ ಮೈ ನೆಕ್ಕಿಕೊಳ್ಳುತ್ತದೆ. ಎದೆಯ ಕೂದಲು ನೆಕ್ಕಲು ಗದ್ದವನ್ನು ಒಳಕ್ಕೆ ಬಾಗಿಸಿದಾಗ ಸಡಿಲ ಪಟ್ಟಿ ಕೆಳದವಡೆಯ ಹಲ್ಲುಗಳ ಹಿಂದೆ ಸಿಕ್ಕಿಕೊಳ್ಳುತ್ತದೆ. ಬಾಯಿ ಮುಚ್ಚಲು ಬರುವುದಿಲ್ಲ, ತಲೆ ಎತ್ತಲು ಬರುವುದಿಲ್ಲ. ಗಾಬರಿಗೊಂಡ ಬೆಕ್ಕು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಗೋಡೆಗೆ, ಕುರ್ಚಿಗೆ ಬಡಿದುಕೊಳ್ಳುತ್ತದೆ. ಮನೆಯಲ್ಲಿ ಯಾರಾದರೂ ಇದ್ದರೆ ಬಿಡಿಸುತ್ತಾರೆ. ಎಲ್ಲರೂ ಕೆಲಸಕ್ಕೆ ಹೋಗಿದ್ದರೆ ಸಂಜೆಯ ತನಕ ಅದೇ ಸ್ಥಿತಿ.

ಎರಡನೆಯದು ಮುಂಗಾಲು. ಪಟ್ಟಿಯನ್ನು ಕಿತ್ತುಕೊಳ್ಳಲು ಬೆಕ್ಕು ಮುಂಗಾಲನ್ನು ಅದರೊಳಕ್ಕೆ ತೂರಿಸುತ್ತದೆ, ಹಿಂದೆ ತೆಗೆಯಲು ಆಗುವುದಿಲ್ಲ. ಪಟ್ಟಿ ಒಂದು ಕಡೆ ಕೊರಳಲ್ಲಿ, ಇನ್ನೊಂದು ಕಡೆ ಕಂಕುಳಲ್ಲಿ. ಪ್ರತಿ ಹೆಜ್ಜೆಗೂ ಕಂಕುಳ ಚರ್ಮ ಉಜ್ಜಿ, ದಿನಗಳು ಕಳೆದಂತೆ ಸೀಳುತ್ತದೆ. ಆ ಜಾಗ ನಡೆದಾಗಲೆಲ್ಲ ಅಲುಗಾಡುವುದರಿಂದ ಗಾಯ ಕೂಡುವುದು ಬಹಳ ಕಷ್ಟ. ಹೊಲಿಗೆ ಹಾಕಿದರೂ ಮತ್ತೆ ಬಿಚ್ಚಿಕೊಳ್ಳುತ್ತದೆ, ಕೆಲವಕ್ಕೆ ಎರಡು ಮೂರು ಸಲ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ತಪ್ಪಿಸಿಕೊಂಡು ವಾರಗಟ್ಟಲೆ ಹೊರಗುಳಿದ ಬೆಕ್ಕುಗಳಲ್ಲಿ ಈ ಗಾಯ ಹೆಚ್ಚು. ಅಂದರೆ ಯಾವ ದಿನಕ್ಕೆಂದು ಪಟ್ಟಿ ಕಟ್ಟಿದೆವೋ ಆ ದಿನವೇ ಅದು ಬೆಕ್ಕಿನ ಮೈ ಸೀಳುತ್ತದೆ. ನನ್ನನ್ನು ಎಲ್ಲಕ್ಕಿಂತ ಕಾಡುವ ಸಂಗತಿ ಇದೇ.

ಮೂರನೆಯದು ನೇತಾಡುವುದು. ಕಿಟಕಿಯ ಗ್ರಿಲ್‌, ಬಾಗಿಲ ಚಿಲಕ, ಮಾಡಿನ ರೀಪಿನಿಂದ ಹೊರಚಾಚಿದ ಮೊಳೆ, ಹಿತ್ತಿಲ ಬೇಲಿ. ಅಟ್ಟದ ಮೇಲಿಂದ ಧುಮುಕುವಾಗ ಪಟ್ಟಿ ಮೊಳೆಗೆ ಸಿಕ್ಕಿದರೆ ಬೆಕ್ಕಿನ ಇಡೀ ಭಾರ ಕೊರಳ ಮೇಲೆ ಬೀಳುತ್ತದೆ. ಆಮೇಲೆ ಉಳಿಯುವುದು ಕೆಲವು ನಿಮಿಷ ಮಾತ್ರ.

ಇವೆಲ್ಲ ಎಷ್ಟು ಸಲ ಆಗುತ್ತವೆ? 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ 538 ಬೆಕ್ಕುಗಳಿಗೆ ಮೂರು ಬಗೆಯ ಪಟ್ಟಿಗಳನ್ನು ಕಟ್ಟಿ ಆರು ತಿಂಗಳು ಗಮನಿಸಿತು. 391 ಬೆಕ್ಕುಗಳು, ಅಂದರೆ ಶೇಕಡಾ 72.7ರಷ್ಟು, ಕೊನೆಯವರೆಗೂ ಪಟ್ಟಿ ಹಾಕಿಕೊಂಡೇ ಇದ್ದವು. ಬೆಕ್ಕು ಪಟ್ಟಿಯನ್ನು ಸಹಿಸುವುದೇ ಇಲ್ಲ ಎಂಬ ಮಾತಿಗೆ ಇದು ಉತ್ತರ. ಆದರೆ 18 ಬೆಕ್ಕುಗಳಲ್ಲಿ ಪಟ್ಟಿ ಬಾಯಿಗೋ ಮುಂಗಾಲಿಗೋ ಬೇರೆ ವಸ್ತುವಿಗೋ ಸಿಕ್ಕಿಕೊಂಡಿತು. ಸುಮಾರು ಮೂವತ್ತಕ್ಕೆ ಒಂದು. ಪಟ್ಟಿ ಕಟ್ಟಲೇಬಾರದು ಎನ್ನುವಷ್ಟು ದೊಡ್ಡ ಅಪಾಯ ಇದಲ್ಲ. ಕೊಂಡಿ ಯಾವುದಾದರೇನು ಎನ್ನುವಷ್ಟು ಚಿಕ್ಕದೂ ಅಲ್ಲ.

ಹಾಗಾದರೆ ಎಲ್ಲವೂ ನಿಂತಿರುವುದು ಕೊಂಡಿಯ ಮೇಲೆ. ಪೇಟೆಯಲ್ಲಿ ಸಿಗುವವು ಮುಖ್ಯವಾಗಿ ಮೂರು ಬಗೆ. ಒಂದು, ಚರ್ಮದ ಬೆಲ್ಟಿನಂತೆ ತೂತು ಮತ್ತು ಮುಳ್ಳು ಇರುವುದು, ಅಥವಾ ಶಾಲೆಯ ಬ್ಯಾಗಿನಲ್ಲಿರುವಂಥ, ಎರಡೂ ಪಕ್ಕ ಒತ್ತಿದರೆ ಮಾತ್ರ ಬಿಡುವ ಪ್ಲಾಸ್ಟಿಕ್ ಕೊಂಡಿ. ಇವು ನಾಯಿಗೆ ಸರಿ. ಸರಪಳಿ ಹಿಡಿದು ನಡೆಸುವಾಗ ಬಿಚ್ಚಿಕೊಳ್ಳಬಾರದಲ್ಲ. ಬೆಕ್ಕಿಗೆ ಇವೇ ನೇಣು. ಎರಡು, ಎಲಾಸ್ಟಿಕ್ ತುಂಡು ಸೇರಿಸಿದ ಪಟ್ಟಿ. ಹಿಗ್ಗುತ್ತದೆ, ಆದ್ದರಿಂದ ಸುರಕ್ಷಿತ ಎಂದು ಮಾರುತ್ತಾರೆ. ತಲೆ ಹೊರಬರುವಷ್ಟು ಹಿಗ್ಗುವ ಮೊದಲು ಅದು ಮುಂಗಾಲು ಒಳಹೋಗುವಷ್ಟು ಹಿಗ್ಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಕಂಕುಳ ಗಾಯಕ್ಕೆ ಇದು ನೇರ ದಾರಿ. ಮೂರನೆಯದು ಜಗ್ಗಿದರೆ ಬಿಚ್ಚಿಕೊಳ್ಳುವ ಕೊಂಡಿ, 'ಬ್ರೇಕ್‌ಅವೇ' ಎಂಬ ಹೆಸರಿನಲ್ಲಿ ಸಿಗುವುದು. ಅದರ ನಾಲಿಗೆಗಳು ಚಿಕ್ಕವು, ಅಂಚು ದುಂಡಗೆ. ಒತ್ತದೆಯೇ ಎಳೆದರೂ ಪಟ್ಟೆಂದು ಬೇರೆಯಾಗುತ್ತದೆ. ವಿದ್ಯುತ್ ಹೆಚ್ಚಾದಾಗ ಫ್ಯೂಸ್ ತಾನು ಸುಟ್ಟು ಮನೆಯನ್ನು ಉಳಿಸುವಂತೆ, ಇದು ತಾನು ಕಳಚಿ ಬೆಕ್ಕನ್ನು ಉಳಿಸುತ್ತದೆ. ಬೆಕ್ಕಿಗೆ ಕಟ್ಟಬೇಕಾದದ್ದು ಇದೊಂದನ್ನೇ.

ಪೊಟ್ಟಣದ ಮೇಲೆ ಬರೆದದ್ದನ್ನು ನಂಬಿ ಕಟ್ಟಬೇಡಿ, ಮನೆಯಲ್ಲಿ ಪರೀಕ್ಷಿಸಿ. ಬಟ್ಟೆಯ ಚೀಲದಲ್ಲಿ ಎರಡು ಕಿಲೋ ಅಕ್ಕಿ ತುಂಬಿ. ಪಟ್ಟಿಯ ಕೊಂಡಿ ಹಾಕಿ, ಅದನ್ನು ಗೋಡೆಯ ಮೊಳೆಗೆ ನೇತುಹಾಕಿ. ಕೊಂಡಿ ಪಕ್ಕಕ್ಕೆ ಬರುವಂತೆ ತಿರುಗಿಸಿ, ಕೆಳಭಾಗಕ್ಕೆ ಚೀಲವನ್ನು ಸಿಕ್ಕಿಸಿ, ಮೆಲ್ಲಗೆ ಕೈ ಬಿಡಿ. ಕೂಡಲೇ ಬಿಚ್ಚಿಕೊಂಡರೆ ಒಳ್ಳೆಯ ಕೊಂಡಿ. ಬಿಚ್ಚದಿದ್ದರೆ ಚೀಲವನ್ನು ಒಂದು ಗೇಣು ಎತ್ತಿ ಬಿಟ್ಟು ನೋಡಿ. ಆಗಲೂ ಹಿಡಿದುಕೊಂಡಿತೋ, ಆ ಪಟ್ಟಿ ಬೇಡ. ನಮ್ಮ ಊರಿನ ಬೆಕ್ಕುಗಳು ಸಣ್ಣ ಮೈಯವು, ಮೂರು ನಾಲ್ಕು ಕಿಲೋಗಿಂತ ಹೆಚ್ಚು ತೂಗುವುದು ಅಪರೂಪ. ದೊಡ್ಡ ತಳಿಗಳನ್ನು ಲೆಕ್ಕಕ್ಕಿಟ್ಟು ಮಾಡಿದ ಬಿಗಿ ಕೊಂಡಿ ಅವುಗಳ ಭಾರಕ್ಕೆ ಬಿಚ್ಚದೇ ಹೋಗಬಹುದು. ಒಂದೇ ಬಗೆಯ ಎರಡು ಪಟ್ಟಿ ತಂದರೂ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ.

ಇಂಥದ್ದು ಚಿಕ್ಕ ಊರಿನ ಅಂಗಡಿಗಳಲ್ಲಿ ಯಾವಾಗಲೂ ಸಿಗುವುದಿಲ್ಲ. ಕೇಳಿದರೆ ನಾಯಿಮರಿಯ ಬೆಲ್ಟನ್ನೇ ಕೊಟ್ಟು "ಇದೇ ಆಗುತ್ತದೆ" ಎನ್ನುತ್ತಾರೆ. ಆಗುವುದಿಲ್ಲ. ದೃಷ್ಟಿಗೆಂದು ಕಟ್ಟುವ ಕಪ್ಪು ದಾರ, ಬಲೆಯ ನೈಲಾನ್ ನೂಲು, ಉಡುಗೊರೆಯ ರಿಬ್ಬನ್, ಯಾವುದೂ ಆಗುವುದಿಲ್ಲ. ಅದರಲ್ಲೂ ಮರಿಗೆ ನೂಲು ಕಟ್ಟುವುದು ಘೋರ. ಮರಿಯ ಕೊರಳು ವಾರದಿಂದ ವಾರಕ್ಕೆ ಬೆಳೆಯುತ್ತದೆ, ನೂಲು ಬೆಳೆಯುವುದಿಲ್ಲ, ಮೇಲಿನ ತುಪ್ಪಳದಲ್ಲಿ ಕಾಣುವುದೂ ಇಲ್ಲ. ಚರ್ಮದೊಳಕ್ಕೆ ಇಳಿದ ನೂಲನ್ನು ಮೊದಲು ಪತ್ತೆ ಹಚ್ಚುವುದು ಕಣ್ಣಲ್ಲ, ಮೂಗು: ಕೀವಿನ ವಾಸನೆ. ಈಗ ನಿಮ್ಮ ಮನೆಯ ಮರಿಯ ಕೊರಳಲ್ಲಿ ಅಂಥ ದಾರವಿದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ, ಹೋಗಿ ಕತ್ತರಿಸಿ ಬನ್ನಿ.

ಒಳ್ಳೆಯ ಕೊಂಡಿಯ ಪಟ್ಟಿಯನ್ನೂ ಅಳತೆ ನೋಡಿ ಕಟ್ಟಬೇಕು. ಪಟ್ಟಿಗೂ ಕೊರಳಿಗೂ ನಡುವೆ ಒಂದು ಅಥವಾ ಎರಡು ಬೆರಳು ಸಲೀಸಾಗಿ ಹೋಗಬೇಕು, ಮೂರನೆಯದು ಹೋಗಬಾರದು. ಕಟ್ಟುವಾಗ ಬೆಕ್ಕು ಕೊರಳು ಸೆಟೆಸಿಕೊಂಡಿರುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಬೆರಳು ತೂರಿಸಿ ನೋಡಿದರೆ ನಿಜವಾದ ಅಳತೆ ತಿಳಿಯುತ್ತದೆ. ಬೆಳೆಯುವ ಮರಿಗೆ ವಾರಕ್ಕೊಮ್ಮೆಯಾದರೂ ನೋಡಬೇಕು.

ಪಟ್ಟಿಯ ಮೇಲೆ ಏನು ಬರೆಯಬೇಕು? ಫೋನ್ ನಂಬರ್. ಬೆಕ್ಕಿನ ಹೆಸರು ಬರೆಯುವುದು ಪ್ರೀತಿಗೆ ಸರಿ, ಸಿಕ್ಕವರಿಗೆ ಅದರಿಂದ ಉಪಯೋಗವಿಲ್ಲ. ಕಾರವಾರದಲ್ಲಿ ಬೆಕ್ಕು ಸಿಕ್ಕವರು ಕೊಂಕಣಿ ಮಾತಾಡುವವರಿರಬಹುದು, ಮರಾಠಿಯವರಿರಬಹುದು, ನೌಕಾನೆಲೆಗೋ ಕೈಗಾಕ್ಕೋ ದೂರದ ರಾಜ್ಯದಿಂದ ಬಂದವರಿರಬಹುದು; ಅಂಕಿಗಳನ್ನು ಎಲ್ಲರೂ ಓದುತ್ತಾರೆ. ಸಾಧ್ಯವಾದರೆ ಎರಡು ನಂಬರ್ ಇರಲಿ, ಏಕೆಂದರೆ ಘಟ್ಟದ ಊರುಗಳಲ್ಲಿ ಒಂದು ಕಂಪನಿಯ ನೆಟ್‌ವರ್ಕ್ ಇದ್ದಲ್ಲಿ ಇನ್ನೊಂದರದು ಇರುವುದಿಲ್ಲ. ನೇತಾಡುವ ಬಿಲ್ಲೆಗಿಂತ ಪಟ್ಟಿಯ ಬಟ್ಟೆಯ ಮೇಲೇ ಅಳಿಸದ ಶಾಯಿಯಲ್ಲಿ ಬರೆಯುವುದು ಅಥವಾ ದರ್ಜಿಯ ಕೈಯಲ್ಲಿ ನೂಲಿನಿಂದ ಹೊಲಿಸುವುದು ನನಗೆ ಮೆಚ್ಚುಗೆ. ಬಿಲ್ಲೆ ಊಟದ ತಟ್ಟೆಗೆ ತಾಗಿ ಟಣಟಣ ಎನ್ನುತ್ತದೆ, ಬಾಗಿಲ ಸಂದಿಗೂ ಸಿಕ್ಕುತ್ತದೆ.

ಗೆಜ್ಜೆ, ಗಂಟೆ ಒಳಗಿನ ಬೆಕ್ಕಿಗೆ ಬೇಡ. ಹೊರಗೆ ಬೇಟೆಯಾಡುವ ಬೆಕ್ಕಿಗೆ ಗಂಟೆ ಕಟ್ಟಿದರೆ ಹಕ್ಕಿಗಳು ಉಳಿಯುತ್ತವೆ ಎಂಬುದು ನಿಜ. 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಗಂಟೆ ಕಟ್ಟಿದ ಬೆಕ್ಕುಗಳು ಮನೆಗೆ ತಂದ ಹಕ್ಕಿಗಳು ಶೇಕಡಾ 41ರಷ್ಟು, ಇಲಿ ಮುಂತಾದ ಸಸ್ತನಿಗಳು ಶೇಕಡಾ 34ರಷ್ಟು ಕಡಿಮೆಯಾದವು. ಅಟ್ಟದಲ್ಲಿ ಸುಲಿದ ಅಡಿಕೆಯ ಚೀಲ ಇಟ್ಟವರಿಗೆ ಇದರ ಅರ್ಥ ಬೇಗ ಆಗುತ್ತದೆ: ಗಂಟೆ ಎಚ್ಚರಿಸುವುದು ಇಲಿಯನ್ನು. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತರೆ ಬೆಕ್ಕಿನದು 60 ದಾಟುತ್ತದೆ. ಅಷ್ಟು ಸೂಕ್ಷ್ಮ ಕಿವಿಯ ಕೆಳಗೆ ಹಗಲೂ ರಾತ್ರಿ ಲೋಹ ಬಡಿಯುತ್ತಿರಬೇಕೆ?

ನಮ್ಮ ಕರಾವಳಿಗೇ ಸೇರಿದ ಇನ್ನೊಂದು ತೊಂದರೆ ತೇವ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ. ಬೆಕ್ಕು ಜಗುಲಿಯ ಅಂಚಿನಲ್ಲಿ ಇರಚಲಿಗೆ ಕುಳಿತು ಬಂದರೆ ಮೈ ಅರ್ಧ ಗಂಟೆಯಲ್ಲಿ ಒಣಗುತ್ತದೆ, ಪಟ್ಟಿಯ ಕೆಳಗಿನ ಎರಡು ಬೆರಳಗಲ ಹಸಿಯಾಗೇ ಉಳಿಯುತ್ತದೆ. ಅಲ್ಲಿ ಕೂದಲು ಉದುರಿ, ಚರ್ಮ ಕೆಂಪಾಗಿ, ತುರಿಕೆ ಶುರುವಾಗುತ್ತದೆ. ಶಿಲೀಂಧ್ರಕ್ಕೂ ಅದು ಹಿತವಾದ ಜಾಗ. ಚರ್ಮದ ಪಟ್ಟಿಗೆ ಬೂಸಲು ಹಿಡಿಯುವುದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ತೆಳುವಾದ ನೈಲಾನ್ ಪಟ್ಟಿ ಎರಡು ಇಟ್ಟುಕೊಂಡು, ಒಂದನ್ನು ಒಗೆದು ಒಲೆಯ ಬಳಿ ಒಣಗಿಸುತ್ತ ಅದಲುಬದಲು ಮಾಡುವುದು ಒಳ್ಳೆಯದು. ಬದಲಿಸುವಾಗಲೆಲ್ಲ ಕೊರಳ ಸುತ್ತ ಕೂದಲು ಬಿಡಿಸಿ ನೋಡಿ.

ಚಿಗಟ, ಉಣುಗು ಓಡಿಸುವ ಔಷಧಿ ಪಟ್ಟಿಗಳ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ನಾಯಿಗೆಂದು ಮಾಡಿದ ಔಷಧಿ ಪಟ್ಟಿಯನ್ನಾಗಲಿ, ಬೆನ್ನಿಗೆ ಹಾಕುವ ಹನಿಮದ್ದನ್ನಾಗಲಿ ಬೆಕ್ಕಿಗೆ ಎಂದಿಗೂ ಬಳಸಬೇಡಿ. ಅಂಥವುಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವುದುಂಟು. ನಾಯಿಯ ಯಕೃತ್ತು ಅದನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಆ ಕೆಲಸಕ್ಕೆ ಬೇಕಾದ ಕಿಣ್ವಗಳ ಶಕ್ತಿ ಬಹಳ ಕಡಿಮೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷವಾಗುವುದರ ಹಿಂದೆಯೂ ಇದೇ ಕೊರತೆ ಇದೆ. ಪರ್ಮೆಥ್ರಿನ್ ಮೈಗೆ ಸೇರಿದ ಬೆಕ್ಕು ಮೊದಲು ನಡುಗುತ್ತದೆ, ಕಿವಿ ಮೀಸೆ ಅದುರುತ್ತವೆ, ಆಮೇಲೆ ಸೆಳವು ಬರುತ್ತದೆ. ತಕ್ಷಣ ಪಶುವೈದ್ಯರ ಬಳಿ ಒಯ್ಯದಿದ್ದರೆ ಸಾಯಬಹುದು. ಒಂದೇ ಮನೆಯಲ್ಲಿ ನಾಯಿಯೂ ಬೆಕ್ಕೂ ಒತ್ತಿಕೊಂಡು ಮಲಗುತ್ತಿದ್ದರೆ ನಾಯಿಗೆ ಏನು ಹಚ್ಚುತ್ತೀರಿ ಎಂಬುದನ್ನೂ ನೋಡಿಕೊಳ್ಳಬೇಕು. ಬೆಕ್ಕಿಗೆ ಚಿಗಟವಿದ್ದರೆ ಅದರ ತೂಕ ನೋಡಿ ವೈದ್ಯರು ಕೊಟ್ಟ ಔಷಧಿಯೇ ಸರಿ.

ಪಟ್ಟಿಯ ಬದಲು ಮೈಕ್ರೋಚಿಪ್ ಹಾಕಿಸಿದರೆ? ಬೆನ್ನಿನ ಚರ್ಮದ ಕೆಳಗೆ ಸೂಜಿಯಿಂದ ಸೇರಿಸುವ, ಸುಮಾರು 12 ಮಿಲಿಮೀಟರ್ ಉದ್ದದ ಚಿಪ್ ಅದು. ಒಳಗೆ ಬ್ಯಾಟರಿ ಇಲ್ಲ. ಸ್ಕ್ಯಾನರ್ ಹತ್ತಿರ ತಂದಾಗ ಮಾತ್ರ ತನ್ನ 15 ಅಂಕಿಯ ಸಂಖ್ಯೆಯನ್ನು ಹೇಳುತ್ತದೆ. ಬೆಕ್ಕು ಎಲ್ಲಿದೆ ಎಂದು ಅದು ತೋರಿಸುತ್ತದೆ ಎಂಬುದು ತಪ್ಪು ತಿಳಿವಳಿಕೆ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ, 20 ವಾರ ತುಂಬುವುದರೊಳಗೆ ಸಾಕುಬೆಕ್ಕಿಗೆ ಚಿಪ್ ಹಾಕಿಸುವುದು ಕಡ್ಡಾಯ, ತಪ್ಪಿದರೆ 500 ಪೌಂಡ್‌ವರೆಗೆ ದಂಡ. ಗಮನಿಸಿ, ಅದೇ ಇಂಗ್ಲೆಂಡಿನಲ್ಲಿ ಬೀದಿಗೆ ಬರುವ ನಾಯಿಗೆ ಹೆಸರು ವಿಳಾಸದ ಕೊರಳಪಟ್ಟಿಯೂ ಕಡ್ಡಾಯ. ಬೆಕ್ಕಿಗೆ ಪಟ್ಟಿಯನ್ನು ಕಡ್ಡಾಯ ಮಾಡಲಿಲ್ಲ. ಚಿಪ್ ಕಳಚಿ ಬೀಳುವುದಿಲ್ಲ, ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ, ಆದ್ದರಿಂದ ಶಾಶ್ವತ ಗುರುತಿಗೆ ಅದೇ ಉತ್ತಮ. ಆದರೆ ಅದನ್ನು ಓದಲು ಸಿಕ್ಕವರು ಬೆಕ್ಕನ್ನು ಸ್ಕ್ಯಾನರ್ ಇರುವಲ್ಲಿಗೆ ಒಯ್ಯಬೇಕು, ಆ ಸಂಖ್ಯೆಗೆ ನಿಮ್ಮ ಈಗಿನ ಫೋನ್ ನಂಬರ್ ನೋಂದಣಿಯಾಗಿರಬೇಕು. ಹಾಕಿಸುವ ಮೊದಲು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಸ್ಕ್ಯಾನರ್ ಇದೆಯೇ ಎಂದು ಕೇಳಿಕೊಳ್ಳಿ. ಹತ್ತಿರದಲ್ಲಿ ಓದುವವರೇ ಇಲ್ಲದ ಊರಿನಲ್ಲಿ ಕಣ್ಣಿಗೆ ಕಾಣುವ ಫೋನ್ ನಂಬರ್‌ಗೇ ಬೆಲೆ ಹೆಚ್ಚು. ಎರಡೂ ಇದ್ದರೆ ಪಟ್ಟಿ ಕಳಚಿ ಬಿದ್ದ ಮೇಲೂ ಒಂದು ಗುರುತು ಉಳಿಯುತ್ತದೆ.

ಜಿಪಿಎಸ್ ಯಂತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಣ್ಣ ಬೆಕ್ಕಿಗೆ ಅವು ಭಾರ, ಮೊಬೈಲ್ ನೆಟ್‌ವರ್ಕ್ ಇಲ್ಲದ ಕಾಡಂಚಿನಲ್ಲಿ ಮೂಕ. ಅವುಗಳ ಭಾರ ತಡೆಯಲೆಂದು ಗಟ್ಟಿ ಕೊಂಡಿ ಹಾಕಿದರೆ ಮತ್ತೆ ನೇಣಿನ ಭಯ.

ಅಭ್ಯಾಸ ಮಾಡಿಸುವುದು ಕಷ್ಟವಲ್ಲ. ಬೆಕ್ಕು ಮಲಗುವ ಜಾಗದಲ್ಲಿ ಪಟ್ಟಿಯನ್ನು ಒಂದೆರಡು ದಿನ ಇಟ್ಟು ವಾಸನೆ ಹಿಡಿಯಲು ಬಿಡಿ. ಆಮೇಲೆ ಊಟಕ್ಕೆ ಸ್ವಲ್ಪ ಮುಂಚೆ ಕಟ್ಟಿ, ಉಂಡು ಮುಗಿದ ಮೇಲೆ ಬಿಚ್ಚಿ. ದಿನದಿಂದ ದಿನಕ್ಕೆ ಹೊತ್ತು ಹೆಚ್ಚಿಸಿ. ಮೊದಲ ವಾರ ಮನೆಯಲ್ಲಿ ಯಾರಾದರೂ ಇರುವಾಗ ಮಾತ್ರ ಇರಲಿ. ಕೆಲವು ಬೆಕ್ಕುಗಳು ಹಿಂದಕ್ಕೆ ನಡೆಯುತ್ತವೆ, ನೆಲಕ್ಕೆ ಅಂಟಿಕೊಳ್ಳುತ್ತವೆ, ಒಂದೆರಡು ದಿನದಲ್ಲಿ ಮರೆಯುತ್ತವೆ. ವಾರ ಕಳೆದರೂ ಕೆರೆಯುವುದನ್ನು ಬಿಡದ, ಮತ್ತೆ ಮತ್ತೆ ಕಾಲು ತೂರಿಸುವ ಬೆಕ್ಕನ್ನು ಬಲವಂತ ಮಾಡಬೇಡಿ. ಕೊರಳಲ್ಲಿ ಗಾಯ ಅಥವಾ ಚರ್ಮರೋಗವಿರುವ ಬೆಕ್ಕಿಗೂ ಬೇಡ.

ಅಂಥ ಬೆಕ್ಕುಗಳಿಗೆ ಚಿಪ್ ಹಾಕಿಸಿ. ಅದಕ್ಕೂ ಅನುಕೂಲವಿಲ್ಲದಿದ್ದರೆ ಎಡ, ಬಲ, ಮುಖ, ಬಾಲ ಕಾಣುವಂತೆ ಸ್ಪಷ್ಟ ಫೋಟೋಗಳನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಸಂತಾನಹರಣ ಮಾಡಿಸಿ, ಮಾಡಿನ ಸಂದುಗಳಿಗೆ ಜಾಲರಿ ಬಡಿಸಿ. ಬೆಕ್ಕು ಹೊರಬಿದ್ದಿತೆಂದು ಗೊತ್ತಾದರೆ ದೂರದ ರಸ್ತೆಗಳಲ್ಲಿ ಅಲೆಯುವ ಮೊದಲು ನಿಮ್ಮ ಮನೆಯ ಸುತ್ತಲಿನ ಹತ್ತು ಮನೆಗಳ ಕೊಟ್ಟಿಗೆ, ಸೌದೆಮನೆ, ನಿಂತ ಕಾರುಗಳ ಅಡಿ, ಮೆಟ್ಟಿಲ ಕೆಳಗಿನ ಗೂಡು, ಅಟ್ಟಗಳನ್ನು ಟಾರ್ಚ್ ಹಿಡಿದು ನೋಡಿ. ರಾತ್ರಿ ಊರು ಮಲಗಿದ ಮೇಲೆ ಮತ್ತೊಮ್ಮೆ ನೋಡಿ. ಬೆಳಕು ಬಿದ್ದಾಗ ಬೆಕ್ಕಿನ ಕಣ್ಣು ಹೊಳೆಯುವುದರಿಂದ ಹಗಲಲ್ಲಿ ಕಾಣದ್ದು ಆಗ ಕಾಣುತ್ತದೆ.